ಬ್ರ್ಯಾಕೆಟ್ ಹಾಕದ ತಪ್ಪಿಗೆ

ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದ ರೂಪಶ್ರೀಗೆ ಹಜಾರದಿಂದ ಮೊದಲು ಗಂಡನ ಪ್ರಶ್ನೆ ಕೇಳಿಸಿತು, ಆಮೇಲೆ ಮಗಳ ಉತ್ತರ, ಆಮೇಲೆ ಏಟು.

"ಅಲ್ಯೂಮಿನಿಯಂದು ವೇಲೆನ್ಸಿ ಎಷ್ಟು?"

"ತ್ರೀ."

"ಆಕ್ಸಿಜನ್‌ದು?"

"ಟೂ."

"ಹಂಗಾದ್ರೆ ಅಲ್ಯೂಮಿನಿಯಂ ಆಕ್ಸೈಡ್ ಫಾರ್ಮುಲಾ ಬರಿ."

ನಂದಿತಾ ಬರೆದಳು. ಬರೆದದ್ದನ್ನು ಸಣ್ಣ ದನಿಯಲ್ಲಿ ಓದಿದಳು. "ಎಎಲ್ ತ್ರೀ, ಓ ಟೂ."

ಕೆನ್ನೆಗೆ ಬಿದ್ದ ಏಟಿನ ಸದ್ದಿಗೆ ರೂಪಶ್ರೀ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಬಾಗಿಲಿಗೆ ಓಡಿ ಬಂದಳು. ಮಗಳು ಮೊಣಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡು ಕೂತಿದ್ದಳು. ರೇಣುಕಾಪ್ರಸಾದ್ ಇನ್ನೂ ಫ್ಯಾಕ್ಟರಿಯ ಷರ್ಟನ್ನೇ ಬಿಚ್ಚಿರಲಿಲ್ಲ.

"ಇದ್ರದ್ದು ಅದ್ರ ಕೆಳಕ್ಕೆ, ಅದ್ರದ್ದು ಇದ್ರ ಕೆಳಕ್ಕೆ! ಅಡ್ಡಡ್ಡ ಹಾಕು ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ? ತಲೇಲಿ ಏನ್ ತುಂಬ್ಕೊಂಡಿದೀಯಾ?"

"ರೀ, ಸಾಕು ಬಿಡ್ರಿ. ಊಟಕ್ಕೇಳಿ," ಎಂದಳು ರೂಪಶ್ರೀ.

"ನೀನು ಒಳಗೆ ಹೋಗು. ಮುದ್ದೆ ಸೀದ್ರೆ ಅದಕ್ಕೂ ನನ್ನೇ ಅಂತೀಯ."

ಮುದ್ದೆ ಸೀದೇ ಹೋಗಿತ್ತು.

ತುಮಕೂರಿನ ಪಕ್ಕದ ಕ್ಯಾತ್ಸಂದ್ರದ ಆ ಮನೆಯಲ್ಲಿ ನಾಲ್ಕೇ ಜನ. ರೇಣುಕಾಪ್ರಸಾದ್ ಹಿರೇಹಳ್ಳಿಯ ಒಂದು ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಮಿಸ್ಟ್. ಗುಬ್ಬಿಯ ಹತ್ತಿರದ ಹಳ್ಳಿಯಿಂದ ಬಂದು ಬಿಎಸ್ಸಿ ಮಾಡಿದವನು, ಆ ಲ್ಯಾಬಿನಲ್ಲೇ ತಲೆಗೂದಲು ನರೆಸಿಕೊಂಡವನು. ಆ ವರ್ಷ ಅವನ ಮೇಲೆ ಹೊಸ ಮ್ಯಾನೇಜರೊಬ್ಬ ಬಂದಿದ್ದ. ಎಂಎಸ್ಸಿ ಓದಿದ, ಮೀಸೆ ಸರಿಯಾಗಿ ಬಲಿಯದ ಹುಡುಗ. ಪ್ರತಿ ರಿಪೋರ್ಟನ್ನೂ ಅವನ ಮೇಜಿಗೆ ಒಯ್ದು ನಿಂತುಕೊಂಡು ಸಹಿ ಹಾಕಿಸಿಕೊಳ್ಳಬೇಕಿತ್ತು. ಸಂಜೆ ಬೈಕು ಗೇಟಿನ ಮುಂದೆ ನಿಲ್ಲುವ ಸದ್ದಿನಲ್ಲೇ ಆ ದಿನ ಹೇಗಿತ್ತೆಂದು ರೂಪಶ್ರೀಗೆ ತಿಳಿದುಬಿಡುತ್ತಿತ್ತು. ಅವನ ತಾಯಿ ಶಿವರುದ್ರಮ್ಮ ಮಂಡಿನೋವಿಗೆ ಔಷಧಿ ಮಾಡಿಸಿಕೊಳ್ಳಲು ಬಂದು ಮಗನ ಮನೆಯಲ್ಲೇ ಉಳಿದಿದ್ದಳು. ತಂದೆ ಮಹಾಲಿಂಗಯ್ಯ ಊರಿನಲ್ಲಿ ತೋಟ ನೋಡಿಕೊಂಡಿದ್ದ. ನಂದಿತಾ ಒಂಬತ್ತನೇ ಕ್ಲಾಸು.

ಇಷ್ಟಕ್ಕೆಲ್ಲ ಕಾರಣವಾದದ್ದು ಶಾಲೆಯ ಪೇರೆಂಟ್ಸ್ ಮೀಟಿಂಗು. ಪರೀಕ್ಷೆಯಲ್ಲಿ ನಂದಿತಾ ಸೈನ್ಸಿನಲ್ಲಿ ಫೇಲಾಗಿದ್ದಳು. ಮೇಷ್ಟ್ರು ನಾಲ್ಕು ಜನರ ಎದುರಿಗೆ ನಕ್ಕು, "ಏನ್ ಸಾರ್, ಕೆಮಿಸ್ಟ್ ಮಗಳು ಅಂತೀರ, ವೇಲೆನ್ಸಿನೇ ಬರಲ್ವಲ್ಲ," ಎಂದುಬಿಟ್ಟಿದ್ದರು. ರೇಣುಕಾಪ್ರಸಾದ್ ಅಲ್ಲಿ ತಾನೂ ನಕ್ಕಿದ್ದ. ಮನೆಗೆ ಬಂದವನೇ ಮಗಳ ಬ್ಯಾಗನ್ನು ಕಾಂಪೌಂಡಿನಾಚೆ ಎಸೆದಿದ್ದ. ಅವತ್ತಿನಿಂದ ದಿನಾ ಸಂಜೆ ಹಜಾರದಲ್ಲಿ ಪಾಠ. ಸೋಡಿಯಂ ಒಂದು, ಕ್ಯಾಲ್ಸಿಯಂ ಎರಡು, ಅಲ್ಯೂಮಿನಿಯಂ ಮೂರು. ಕ್ಲೋರೈಡ್ ಒಂದು, ಕಾರ್ಬೋನೇಟ್ ಎರಡು, ಫಾಸ್ಫೇಟ್ ಮೂರು. ತಪ್ಪಿದರೆ ಸ್ಕೇಲು, ಸ್ಕೇಲು ಮುರಿದರೆ ಕೈ. ಪಾಠ ಶುರುವಾಗುತ್ತಲೇ ಪಕ್ಕದ ಮನೆಯವರು ಟೀವಿ ಸೌಂಡು ಜಾಸ್ತಿ ಮಾಡುತ್ತಿದ್ದರು.

ಹೊಡೆದ ಮಾರನೆಯ ಬೆಳಿಗ್ಗೆ ಅವನೇ ಹೋಗಿ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬರುತ್ತಿದ್ದ. ಮಗಳ ತಟ್ಟೆಗೆ ಬೆಣ್ಣೆ ತಾನೇ ಹಾಕಿ, "ತಿನ್ನಮ್ಮ, ಬಿಸಿ ಇದೆ," ಎನ್ನುತ್ತಿದ್ದ. ನಂದಿತಾ ತಲೆ ಎತ್ತದೆ ತಿನ್ನುತ್ತಿದ್ದಳು.

"ಅತ್ತೆ, ನೀವಾದ್ರೂ ಒಂದ್ ಮಾತು ಹೇಳಿ," ಎಂದು ರೂಪಶ್ರೀ ಹುರುಳಿಕಾಯಿ ಸೋಸುತ್ತ ಕೂತಿದ್ದ ಅತ್ತೆಯನ್ನು ಕೇಳಿದಳು. "ನೀವ್ ಹೇಳಿದ್ರೆ ಕೇಳ್ತಾರೆ."

"ಏನ್ ಹೇಳ್ಲಮ್ಮ? ಅವರಪ್ಪ ತೆಂಗಿನ ಮಟ್ಟೆ ತಗೊಂಡು ಚಚ್ಚಿದ್ಕೇ ಅಲ್ವಾ ಇವ್ನು ಓದಿ ಸಂಬ್ಳ ತರ್ತಿರೋದು. ಹೆಣ್ಮಗು ಅಂತ ಇಷ್ಟಾದ್ರೂ ಕೈ ಹಿಡ್ಕೊಂಡವ್ನೆ."

"ಮುಖದ ಮೇಲೆ ಬೆರಳು ಮೂಡಿದೆ ಅತ್ತೆ. ಸ್ಕೂಲಲ್ಲಿ ಕೇಳಿದ್ರೆ ಏನ್ ಹೇಳ್ಬೇಕು ಅದು?"

"ಬಿದ್ದೆ ಅನ್ನದು. ನಾವೆಲ್ಲ ಅನ್ಲಿಲ್ವ?" ಶಿವರುದ್ರಮ್ಮ ನಾರು ತೆಗೆದು ಪಕ್ಕಕ್ಕೆ ಎಸೆದಳು.

ರೂಪಶ್ರೀ ಓದಿದ್ದು ಪಿಯುಸಿ ಆರ್ಟ್ಸ್. ಆದರೂ ಒಂದು ಮಧ್ಯಾಹ್ನ ಮಗಳ ಸೈನ್ಸ್ ಪುಸ್ತಕ ತೆಗೆದುಕೊಂಡು ಕೂತಳು. ಗಂಡನ ಕೈ ತಡೆಯುವುದಕ್ಕಾಗದಿದ್ದರೆ ಮಗಳು ತಪ್ಪದ ಹಾಗೆ ನೋಡಿಕೊಳ್ಳುವುದೊಂದೇ ದಾರಿ ಎಂದು ಅವಳಿಗೆ ಅನ್ನಿಸಿತ್ತು. ಇಂಗ್ಲಿಷ್ ಪದಗಳನ್ನು ಕೂಡಿಸಿ ಕೂಡಿಸಿ ಓದಿದಳು. ಶಾಲೆಯಿಂದ ಬಂದ ನಂದಿತಾಗೆ ಅವಲಕ್ಕಿ ಒಗ್ಗರಣೆ ಹಾಕಿಕೊಟ್ಟು, ಅಡುಗೆಮನೆಯ ನೆಲದ ಮೇಲೆ ಎದುರಿಗೆ ಕೂರಿಸಿಕೊಂಡಳು.

"ನಂಗೆ ಹೇಳ್ಕೊಡು. ಮೆಗ್ನೀಸಿಯಂ ಎರಡು, ಆಕ್ಸಿಜನ್ನೂ ಎರಡು. ಅಡ್ಡಡ್ಡ ಹಾಕಿದ್ರೆ ಎಂಜಿ ಟೂ ಓ ಟೂ ಆಗ್ಬೇಕಲ್ಲ? ಪುಸ್ತಕದಲ್ಲಿ ಬರೀ ಎಂಜಿ ಓ ಅಂತಿದೆ."

"ಎರಡೂ ಕಡೆ ಸಮ ಇದ್ರೆ ಹೊಡ್ಕೊಂಡ್ ಹೋಗುತ್ತಮ್ಮ. ಒಂದಕ್ಕೊಂದು ಸಾಕಾಗುತ್ತೆ."

"ಸೋಡಿಯಂ ಕಾರ್ಬೋನೇಟು?"

"ಎನ್‌ಎ ಟೂ, ಸಿಓ ತ್ರೀ." ಬಾಯಲ್ಲಿ ಅವಲಕ್ಕಿ ಇಟ್ಟುಕೊಂಡೇ ಹೇಳಿದಳು.

"ಕ್ಯಾಲ್ಸಿಯಂ ಹೈಡ್ರಾಕ್ಸೈಡು?"

"ಸಿಎ, ಬ್ರ್ಯಾಕೆಟ್ ಹಾಕಿ ಓಎಚ್, ಆಚೆ ಟೂ. ಓಎಚ್ ಅನ್ನೋದು ಒಂದೇ ಗುಂಪಮ್ಮ, ಬಿಡಿಸಂಗಿಲ್ಲ. ಬ್ರ್ಯಾಕೆಟ್ ಹಾಕ್ದಿದ್ರೆ ಟೂ ಬರೀ ಎಚ್‌ಗೆ ಹೋಗ್ಬಿಡುತ್ತೆ."

ರೂಪಶ್ರೀ ಪುಸ್ತಕದ ಮೇಲಿನಿಂದ ತಲೆ ಎತ್ತಿ ಮಗಳನ್ನು ನೋಡಿದಳು. ಕೇಳಿದ್ದಕ್ಕೆಲ್ಲ ಹುಡುಗಿ ಸರಾಗವಾಗಿ ಉತ್ತರ ಹೇಳಿದ್ದಳು.

"ಎಲ್ಲಾ ಬರುತ್ತಲ್ಲೇ ನಿಂಗೆ! ಅಪ್ಪನ ಮುಂದೆ ಯಾಕೆ ತಪ್ಪು ಹೇಳ್ತೀಯ?"

ನಂದಿತಾ ಅವಲಕ್ಕಿ ಕೆದಕಿದಳು. "ಅಪ್ಪ ಪಕ್ಕದಲ್ಲಿ ಕೂತ್ರೆ ನಾನು ಅವ್ರ ಕೈಯನ್ನೇ ನೋಡ್ತಿರ್ತೀನಿ. ಆಗ ನಂಬರ್ ಎಲ್ಲ ಹೋಗ್ಬಿಡುತ್ತೆ."

ಅಂದು ಸಂಜೆ ರೂಪಶ್ರೀ ಗಂಡನಿಗೆ ಕಾಫಿ ಕೊಟ್ಟು ಅದನ್ನೇ ಹೇಳಿದಳು. ಮಗಳಿಗೆ ಬರುತ್ತದೆ, ನೀವು ಮಾತ್ರ ದೂರ ಕೂತು ಕೇಳಿ ಎಂದಳು.

"ನೀನು ಟೆಸ್ಟ್ ಮಾಡಿದೀಯ?" ಅವನು ಲೋಟ ಕೆಳಗಿಟ್ಟ. "ಆರ್ಟ್ಸ್ ಓದಿರೋಳು?"

"ಪುಸ್ತಕ ನೋಡ್ಕೊಂಡು ಕೇಳ್ದೆ ಕಣ್ರಿ."

"ಅಲ್ಲಿ ಲ್ಯಾಬಲ್ಲಿ ಆ ಚೋಟುದ್ದ ಹುಡುಗ ನಂಗೆ ಟೈಟ್ರೇಷನ್ ಮಾಡೋದು ಹೇಳ್ಕೊಡ್ತಾನೆ. ಇಲ್ಲಿ ನೀನು ಕೆಮಿಸ್ಟ್ರಿ ಹೇಳ್ಕೊಡ್ತೀಯ. ಆಯ್ತು, ಬಾ, ನೀನೂ ಕೂತ್ಕೊ. ಇಬ್ರಿಗೂ ಕೇಳ್ತೀನಿ."

ಊಟದ ತಟ್ಟೆಗಳ ಮುಂದೆಯೇ ಕೇಳಿದ. ಅಲ್ಯೂಮಿನಿಯಂ ಸಲ್ಫೇಟ್. ನಂದಿತಾ ಬಾಯಿ ತೆರೆದಳು, ಮುಚ್ಚಿದಳು. ಅವಳ ಕಣ್ಣು ತಂದೆಯ ಬಲಗೈ ಮೇಲಿತ್ತು. ರೂಪಶ್ರೀಗೆ ತಡೆಯಲಾಗಲಿಲ್ಲ.

"ಎಎಲ್ ಟೂ, ಬ್ರ್ಯಾಕೆಟಲ್ಲಿ ಎಸ್‌ಓ ಫೋರ್, ಆಚೆ ತ್ರೀ," ಎಂದಳು.

ಉತ್ತರ ಸರಿಯಾಗಿತ್ತು. ಸರಿಯಾಗಿದ್ದದ್ದೇ ಕೆಟ್ಟದಾಯಿತು. ರೇಣುಕಾಪ್ರಸಾದ್ ತಟ್ಟೆಯನ್ನು ಮುದ್ದೆ ಸಾರಿನ ಸಮೇತ ಎತ್ತಿ ಗೋಡೆಗೆ ಅಪ್ಪಳಿಸಿದ. ಬಸ್ಸಾರು ಕ್ಯಾಲೆಂಡರಿನ ಮೇಲೆ ಇಳಿಯಿತು. ಎದ್ದವನು ಹೆಂಡತಿಯ ಜಡೆ ಹಿಡಿದು ಎಳೆದು, "ನಂಗೇ ಪಾಠ ಮಾಡ್ತೀಯೇನೆ? ನಂಗೇ?" ಎಂದು ಬೆನ್ನಿಗೆ ಗುದ್ದಿದ. ನಂದಿತಾ ಕಿರುಚಿದಳು. ಶಿವರುದ್ರಮ್ಮ ಕೂತಲ್ಲಿಂದಲೇ, "ಪ್ರಸಾದ, ಬುಡ್ಲಾ, ಊಟದ ಮುಂದೆ ಬೇಡ ಕಣೋ," ಎಂದಳು. ಊಟದ ಮುಂದೆ ಬೇಡ ಎಂಬುದಷ್ಟೇ ಅವಳ ಆಕ್ಷೇಪವಾಗಿತ್ತು.

ಗೋಡೆ ತೊಳೆಯುವಾಗ ಶಿವರುದ್ರಮ್ಮ ನೀರಿನ ಬಕೆಟ್ಟು ಹಿಡಿದು ಪಕ್ಕದಲ್ಲಿ ನಿಂತಳು.

ಶ್ರಾವಣದ ಕಡೆಯ ಸೋಮವಾರ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಅಂದಾದರೂ ಪಾಠವಿರುವುದಿಲ್ಲ ಎಂದುಕೊಂಡಿದ್ದಳು ರೂಪಶ್ರೀ. ಆದರೆ ರೇಣುಕಾಪ್ರಸಾದ್ ಫ್ಯಾಕ್ಟರಿಯಿಂದ ಮಧ್ಯಾಹ್ನಕ್ಕೇ ಬಂದುಬಿಟ್ಟ. ಯಾವುದೋ ಸ್ಯಾಂಪಲ್ಲಿನ ರಿಪೋರ್ಟು ತಪ್ಪಾಗಿದೆಯೆಂದು ಹೊಸ ಮ್ಯಾನೇಜರು ಅವನನ್ನು ಎಲ್ಲರೆದುರು ಬೈದು ಮನೆಗೆ ಕಳಿಸಿದ್ದನೆಂದು ಆಮೇಲೆ ಗೊತ್ತಾಯಿತು. ಬಂದವನು ಕೈಕಾಲು ತೊಳೆದ, ವಿಭೂತಿ ಇಟ್ಟುಕೊಂಡ, ಹೋಳಿಗೆ ತಿಂದ. ನಂದಿತಾ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೇ ಕರೆದ.

"ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬರಿ."

"ಅಪ್ಪ, ಮುಖ ತೊಳ್ಕೊಂಡು..."

"ಬರಿ ಅಂದೆ."

ನಿಂತುಕೊಂಡೇ ಬರೆದಳು. ಸಿಎ ಬರೆದಳು, ಓಎಚ್ ಬರೆದಳು, ಟೂ ಬರೆದಳು. ಬ್ರ್ಯಾಕೆಟ್ ಹಾಕಲಿಲ್ಲ.

ರೂಪಶ್ರೀ ಒಲೆಯ ಮುಂದಿನಿಂದ ಬರುವಷ್ಟರಲ್ಲಿ ಏಟು ಬಿದ್ದಾಗಿತ್ತು. ಅದು ಮೊದಲಿನವುಗಳ ಹಾಗಿರಲಿಲ್ಲ. ಅಂಗೈ ಅಗಲಿಸಿ, ಭುಜದಿಂದ ಬೀಸಿ, ನೇರ ಎಡಗಿವಿಯ ಮೇಲೆ ಹೊಡೆದಿದ್ದ. ನಂದಿತಾ ಬಾಗಿಲ ಚೌಕಟ್ಟಿಗೆ ತಲೆ ಬಡಿದು ಕುಸಿದಳು. ಅಳಲಿಲ್ಲ. ಕಿವಿಯ ಮೇಲೆ ಕೈ ಇಟ್ಟುಕೊಂಡು, ಎಲ್ಲೋ ಏನೋ ಕೇಳಿಸುತ್ತಿದೆಯೆಂಬಂತೆ ತಲೆ ವಾಲಿಸಿದಳು. ಬೆರಳಿನ ಸಂದಿಯಿಂದ ರಕ್ತ ಸಣ್ಣಗೆ ಇಳಿಯಿತು.

"ಅಮ್ಮಾ, ಕುಯ್ ಅಂತಿದೆ. ಬರೀ ಕುಯ್ ಅಂತಿದೆ."

ರೇಣುಕಾಪ್ರಸಾದನ ಮುಖ ಬಿಳಿಚಿಕೊಂಡಿತು. ಆಸ್ಪತ್ರೆಗೆ ಬೈಕು ಓಡಿಸಿದವನೂ ಅವನೇ. ಕ್ಯಾಶುಯಾಲಿಟಿಯ ಬಾಗಿಲಲ್ಲಿ ಹೆಂಡತಿಯ ತೋಳು ಹಿಡಿದು, "ಬಾತ್‌ರೂಮಲ್ಲಿ ಜಾರಿ ಬಿದ್ಲು. ಅಷ್ಟೇ. ಕೇಳಿಸ್ತಾ?" ಎಂದ.

ಡಾಕ್ಟರು ವಯಸ್ಸಾದ ಹೆಂಗಸು. ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು, ಕೆನ್ನೆಯ ಮೇಲೆ ಮೂಡಿದ್ದ ಬೆರಳುಗಳನ್ನೂ ನೋಡಿದರು.

"ತಮಟೆ ಹರಿದಿದೆ. ಹೆಂಗಾಯ್ತು?"

"ಬಾತ್‌ರೂಮಲ್ಲಿ ಬಿದ್ಲು ಮೇಡಂ," ಎಂದ ರೇಣುಕಾಪ್ರಸಾದ್.

ಡಾಕ್ಟರು ಅವನ ಕಡೆ ನೋಡದೆ ರೂಪಶ್ರೀಯ ಕಡೆ ತಿರುಗಿದರು. "ತಾಯಿ ನೀವು. ನೀವ್ ಹೇಳಿ."

ರೂಪಶ್ರೀಯ ನಾಲಿಗೆಯ ತುದಿಗೆ ಬಾತ್‌ರೂಮ್ ಬಂದಿತ್ತು. ಮಗಳ ಯೂನಿಫಾರಮ್ಮಿನ ಕಾಲರಿನ ಮೇಲೆ ರಕ್ತ ಒಣಗುತ್ತಿತ್ತು. ಹುಡುಗಿ ಇಬ್ಬರ ಬಾಯಿಯನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಳು. ಮಾತು ಸರಿಯಾಗಿ ಕೇಳಿಸದೆ ತುಟಿ ಓದುತ್ತಿದ್ದಳು.

"ಇವ್ರು ಹೊಡೆದ್ರು," ಎಂದಳು ರೂಪಶ್ರೀ. "ಫಾರ್ಮುಲಾ ತಪ್ಪು ಬರೆದ್ಲು ಅಂತ ಹೊಡೆದ್ರು."

ಆಸ್ಪತ್ರೆಯಲ್ಲಿದ್ದ ಪೊಲೀಸಿನವನು ಬಂದು ಕೇಳಿಕೊಂಡ. ಮನೆಯ ವಿಷಯ, ಮಗು ಓದಲಿ ಅಂತ ತಂದೆ ಹೊಡೆದದ್ದು, ಕೇಸು ಅಂತ ಹೋದರೆ ನೌಕರಿಗೇ ಪೆಟ್ಟು ಎಂದು ರೂಪಶ್ರೀಗೆ ಬುದ್ಧಿ ಹೇಳಿದ. ಇನ್ನು ಮುಂದೆ ಮಗಳ ಮೇಲೆ ಕೈ ಮಾಡುವುದಿಲ್ಲವೆಂದು ರೇಣುಕಾಪ್ರಸಾದನ ಕೈಯಲ್ಲಿ ಬರೆಸಿಕೊಂಡು ಕಳಿಸಿದ.

ಸುದ್ದಿ ತಿಳಿದು ಮಹಾಲಿಂಗಯ್ಯ ಗುಬ್ಬಿಯಿಂದ ಬೆಳಗಿನ ಬಸ್ಸಿಗೇ ಬಂದ. ಎಂಬತ್ತರ ಹತ್ತಿರದ ಮುದುಕ, ಬೆನ್ನು ಮಾತ್ರ ನೆಟ್ಟಗಿತ್ತು. ಹಜಾರದ ಕುರ್ಚಿಯಲ್ಲಿ ಊರುಗೋಲು ಊರಿಕೊಂಡು ಕೂತು ಎಲ್ಲರನ್ನೂ ಮುಂದೆ ನಿಲ್ಲಿಸಿಕೊಂಡ.

"ನಮ್ ವಂಶದಲ್ಲಿ ಪೊಲೀಸ್ನೋರ ಮುಂದೆ ಯಾರೂ ನಿಂತಿರ್ಲಿಲ್ಲ. ನಿಲ್ಸ್‌ಬಿಟ್ಟೆಯಲ್ಲಮ್ಮ."

"ಮಗು ಕಿವಿ ಹೋಗಿದೆ ಮಾವ," ಎಂದಳು ರೂಪಶ್ರೀ.

"ಒಂದು ಕಿವಿ ತಾನೆ? ನಾನು ಇವ್ನಿಗೆ ಹೊಡ್ದಿಲ್ವಾ? ಸತ್ತೋದ್ನ ಇವ್ನು?"

"ನೀನು ಹೊಡ್ದಿದ್ದು ಬೇರೆ ಅಪ್ಪ," ಎಂದ ರೇಣುಕಾಪ್ರಸಾದ್. "ಸುಮ್ನೆ ಅದ್ನೆಲ್ಲ ಈಗ್ಯಾಕೆ..."

"ಏನ್ಲಾ? ಎದುರುತ್ತರ ಕೊಡ್ತೀಯಾ? ಹೆಂಡ್ತಿ ಹದ್ದುಬಸ್ತಲ್ಲಿಡೋಕೆ ಬರ್ದಿರೋ ಗಂಡಸು ನೀನು!" ಮುದುಕ ಕೂತಲ್ಲಿಂದಲೇ ಊರುಗೋಲು ಎತ್ತಿದ.

ತಲೆ ನರೆತ ರೇಣುಕಾಪ್ರಸಾದ್ ಆ ಕ್ಷಣ ಎರಡು ಹೆಜ್ಜೆ ಹಿಂದೆ ಸರಿದು ಮೊಣಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದ. ಕೋಲು ಬೀಳಲಿಲ್ಲ. ಆದರೂ ಅವನ ಮೊಣಕೈ ಕೆಳಗಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಬಾಗಿಲ ಪಕ್ಕ ನಿಂತಿದ್ದ ನಂದಿತಾ ಕಣ್ಣು ಮಿಟುಕಿಸದೆ ತಂದೆಯನ್ನು ನೋಡುತ್ತಿದ್ದಳು. ರೂಪಶ್ರೀ ನೋಡಲಾಗದೆ ನೆಲ ನೋಡಿದಳು.

ಮಗಳು ನೋಡಿಬಿಟ್ಟಳೆಂಬುದು ರೇಣುಕಾಪ್ರಸಾದನಿಗೂ ಗೊತ್ತಾಗಿತ್ತು. ಮುದುಕ ಊಟ ಮುಗಿಸಿ ಗುಬ್ಬಿ ಬಸ್ಸು ಹತ್ತಿದ ಮೇಲೆ ಅವನು ರೂಪಶ್ರೀಯನ್ನು ರೂಮಿಗೆ ಕರೆದು ಚಿಲಕ ಹಾಕಿದ. ಕೊಟ್ಟ ಮಾತಿನಂತೆ ಮಗಳನ್ನು ಮುಟ್ಟಲಿಲ್ಲ. ಹೆಂಡತಿಯ ತಲೆಯನ್ನು ಬೀರುವಿನ ಬಾಗಿಲಿಗೆ ಅಪ್ಪಳಿಸಿದ. ಬೀರು ಗಡಗಡ ಅದುರಿ ಮೇಲಿದ್ದ ಸೂಟ್‌ಕೇಸು ಉರುಳಿ ಬಿತ್ತು. ಆಚೆಯಿಂದ ನಂದಿತಾ ಬಾಗಿಲು ಬಡಿಯುತ್ತಲೇ ಇದ್ದಳು. ಮುಂದಿನ ದಿನಗಳಲ್ಲಿ ಇದೇ ಕ್ರಮವಾಯಿತು. ಸಾರಿಗೆ ಉಪ್ಪು ಕಡಿಮೆಯಾದರೆ, ಇಸ್ತ್ರಿ ಸರಿಯಿಲ್ಲದಿದ್ದರೆ, ಮಗಳ ಕಿವಿಗೆ ಹನಿ ಹಾಕುವಾಗ ಅವಳು 'ಆ' ಅಂದರೆ, ಎಲ್ಲದಕ್ಕೂ ರೂಮಿನ ಚಿಲಕ ಬೀಳುತ್ತಿತ್ತು. "ಡಾಕ್ಟರಿಗೆ ಹೇಳು ಹೋಗು," ಎನ್ನುತ್ತಿದ್ದ ಪ್ರತಿ ಸಲ.

ಒಂದು ಬೆಳಿಗ್ಗೆ ಅವನ ಬೈಕು ಹಿರೇಹಳ್ಳಿ ಕಡೆ ಹೋದ ಮೇಲೆ ರೂಪಶ್ರೀ ಅಂದು ಬೀರುವಿನ ಮೇಲಿಂದ ಬಿದ್ದಿದ್ದ ಅದೇ ಸೂಟ್‌ಕೇಸಿಗೆ ಬಟ್ಟೆ ತುಂಬಿದಳು. ಶಿವರುದ್ರಮ್ಮ ಮಂಡಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಕೂಗಾಡುತ್ತಾಳೆ, ಮಗನಿಗೆ ಫೋನು ಮಾಡುತ್ತಾಳೆ ಎಂದುಕೊಂಡಿದ್ದಳು ರೂಪಶ್ರೀ.

"ಕುಣಿಗಲ್ಗೆ?"

"ಹೂಂ ಅತ್ತೆ. ಅಮ್ಮನ ಮನೆಗೆ."

ಮುದುಕಿ ಸೂಟ್‌ಕೇಸಿನ ಕಡೆ ನೋಡಿದಳು. "ನಮ್ಮಪ್ಪ ಎಲ್ಡು ಸಲ ವಾಪಸ್ ತಂದು ಬುಟ್ಟೋದ. ಮೂರ್ನೇ ಸಲ ನಾನೇ ಹೋಗ್ಲಿಲ್ಲ," ಎಂದಳು. ಆಮೇಲೆ, "ಮಗೀಗೆ ಬಸ್‌ಸ್ಟ್ಯಾಂಡಲ್ಲಿ ಏನಾದ್ರೂ ತಿನ್ಸು. ಖಾಲಿ ಹೊಟ್ಟೇಲಿ ವಾಂತಿ ಮಾಡ್ಕಂತದೆ."

ಕುಣಿಗಲ್ಲಿನಲ್ಲಿ ರೂಪಶ್ರೀಯ ತಾಯಿ ಗಂಗಾಂಬಿಕೆ, ತಮ್ಮ ಚನ್ನೇಶ, ಅವನ ಹೆಂಡತಿ, ಅವರ ಏಳು ವರ್ಷದ ಮಗಳು ಶರಣ್ಯ. ಚನ್ನೇಶ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದ. ಅಕ್ಕನ ಹಣೆಯ ಮೇಲಿನ ಗಂಟು ಕಂಡವನೇ ಬೈಕಿನ ಕೀ ತೆಗೆದುಕೊಂಡ.

"ಎಲ್ಲಿಗ್ಲಾ?" ಎಂದಳು ಗಂಗಾಂಬಿಕೆ.

"ಭಾವನ್ನ ಮಾತಾಡ್ಸ್ಕೊಂಡ್ ಬರ್ತೀನಿ."

"ಕೂತ್ಕೊಳ್ಳೋ. ಊಟ ಮಾಡು ಮೊದ್ಲು. ಅವ್ರೇ ಬರ್ತಾರೆ ಕರ್ಕೊಂಡ್ ಹೋಗೋಕೆ."

ತಾಯಿ ಹೇಳಿದ ಹಾಗೇ ಆಯಿತು. ಭಾನುವಾರ ಬೆಳಿಗ್ಗೆ ರೇಣುಕಾಪ್ರಸಾದ್ ಬಂದ. ಶೇವ್ ಮಾಡಿಕೊಂಡಿದ್ದ, ಕೈಯಲ್ಲಿ ಬಾಳೆಲೆ ಸುತ್ತಿದ ತಟ್ಟೆ ಇಡ್ಲಿಯ ಪೊಟ್ಟಣವಿತ್ತು. ಜಗುಲಿಯ ಕೆಳಗೆ ನಿಂತು, "ನಂದಿತಾ, ನೋಡು ಏನ್ ತಂದಿದೀನಿ," ಎಂದ.

ಚನ್ನೇಶ ಆಗಷ್ಟೇ ಅಂಗಡಿಗೆ ಹೊರಟಿದ್ದ. ಕೈಯಲ್ಲಿದ್ದ ಹೆಲ್ಮೆಟ್ಟಿನಿಂದಲೇ ಭಾವನ ಬಾಯಿಗೆ ಹೊಡೆದ. ಪೊಟ್ಟಣ ಬೀದಿಗೆ ಬಿತ್ತು. ರೇಣುಕಾಪ್ರಸಾದ್ ಮಂಡಿಯೂರಿದ, ಚನ್ನೇಶ ಪಕ್ಕೆಗೆ ಒದ್ದ, ಕಾಲರು ಹಿಡಿದೆತ್ತಿ ಮತ್ತೆ ಹೊಡೆದ. "ಹೆಣ್ಮಕ್ಳ ಮೇಲೆ ಕೈ ಮಾಡ್ತೀಯೇನೋ? ನನ್ ಮೇಲೆ ಮಾಡೋ ನೋಡಾಣ!" ಅಕ್ಕಪಕ್ಕದವರು ಬಾಗಿಲಿಗೆ ಬಂದರು. ರೂಪಶ್ರೀ ಓಡಿ ಹೋಗಿ ತಮ್ಮನ ಸೊಂಟ ಹಿಡಿದು ಹಿಂದಕ್ಕೆಳೆದಳು. ಬೀಸಿದ ಹೆಲ್ಮೆಟ್ಟು ಅವಳ ಭುಜಕ್ಕೂ ತಾಕಿತು. ಕೆಳಗೆ ಅವಳ ಗಂಡ ಮೊಣಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದ, ತುಟಿ ಒಡೆದು ಷರ್ಟಿನ ಮೇಲೆಲ್ಲ ರಕ್ತ.

"ಇನ್ನೊಂದು ಹೊಡಿ ಮಾವ!"

ಕಿಟಕಿಯ ಸರಳು ಹಿಡಿದು ನಂದಿತಾ ಕೂಗುತ್ತಿದ್ದಳು. ಮುಖ ಅರಳಿತ್ತು. "ಕಿವಿಗೆ ಹೊಡಿ ಮಾವ, ಕಿವಿಗೆ!"

ತಿಂಗಳುಗಳಿಂದ ಮಗಳು ಅಷ್ಟು ಜೋರಾಗಿ ಮಾತಾಡಿದ್ದನ್ನು ರೂಪಶ್ರೀ ಕೇಳಿರಲಿಲ್ಲ. ತಮ್ಮನ ಸೊಂಟ ಬಿಡದೆ ಕಿಟಕಿಯ ಕಡೆ ತಿರುಗಿ, "ಒಳಗೆ ಹೋಗೇ," ಎಂದಳು.

ರೇಣುಕಾಪ್ರಸಾದ್ ಬಾಯಿಗೆ ಕರ್ಚೀಫು ಒತ್ತಿಕೊಂಡು ಬೈಕು ಹತ್ತಿ ಹೋದ. ಇಡ್ಲಿಯನ್ನು ಬೀದಿನಾಯಿಗಳು ತಿಂದವು. ಮಧ್ಯಾಹ್ನ ಊಟಕ್ಕೆ ಕೂತ ಚನ್ನೇಶ, "ಕಂಪ್ಲೇಂಟು ಗಿಂಪ್ಲೇಂಟು ಏನೂ ಬೇಡಕ್ಕ. ನಾನೇ ಕೊಟ್ಟಿದೀನಲ್ಲ, ಇನ್ನು ಜನ್ಮದಲ್ಲಿ ಕೈ ಎತ್ತಲ್ಲ," ಎಂದ. ಗಂಗಾಂಬಿಕೆ ಮಗನ ತಟ್ಟೆಗೆ ತುಪ್ಪ ಹಾಕಿದಳು. "ಇನ್ನೆರಡು ವಾರ ಇರ್ಲಿ. ಆಮೇಲೆ ನಾನೇ ಹೋಗಿ ಬಿಟ್ಟು ಬರ್ತೀನಿ. ಗಂಡ ಹೆಂಡ್ತಿ ಅಂದ್ಮೇಲೆ ಎಷ್ಟು ದಿನ ಅಂತ ಹಿಂಗೆ?"

ಎರಡು ವಾರ ಹೋಯಿತು. ರೂಪಶ್ರೀ ತಮ್ಮನ ಹೆಂಡತಿಯ ಜೊತೆ ಬಟ್ಟೆ ಒಗೆದಳು, ರಾಗಿ ಹಸನು ಮಾಡಿದಳು, ಮಗಳನ್ನು ಡಾಕ್ಟರಿಗೆ ತೋರಿಸಿದಳು. ತಮಟೆ ಕೂಡಿಕೊಳ್ಳುತ್ತಿದೆ, ಪೂರ್ತಿ ಕೇಳಿಸುತ್ತದೆಯೋ ಇಲ್ಲವೋ ಹೇಳಲಾಗದು ಎಂದರು. ಮಹಾಲಿಂಗಯ್ಯ ಗುಬ್ಬಿಯಿಂದ ಫೋನು ಮಾಡಿ, ಮಠದ ಹಿರಿಯರೊಬ್ಬರ ಮುಂದೆ ಕೂತು ಬಗೆಹರಿಸೋಣವೆಂದ. ಸಂಜೆ ಹೊತ್ತು ನಂದಿತಾ ಶರಣ್ಯಳಿಗೆ ಹೋಂವರ್ಕು ಮಾಡಿಸುತ್ತಿದ್ದಳು. ಮೊಮ್ಮಕ್ಕಳಿಬ್ಬರೂ ಪುಸ್ತಕ ಹಿಡಿದು ಕೂತದ್ದು ಕಂಡು ಗಂಗಾಂಬಿಕೆ ಕಡಲೆಬೀಜ ಹುರಿದು ಕೊಡುತ್ತಿದ್ದಳು.

ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ರೂಪಶ್ರೀಗೆ ಒಳಗಿನಿಂದ ಆ ಮಾತು ಕೇಳಿಸಿತು.

"ಎರಡರಲ್ಲಿ ಏಳು ಹೋಗಲ್ಲ ಅಂದ್ರೆ ಪಕ್ಕದ ಹತ್ತು ತಗೋ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ? ತಲೇಲಿ ಏನ್ ತುಂಬ್ಕೊಂಡಿದೀಯಾ?"

ಬಟ್ಟೆ ಕೈಯಿಂದ ಜಾರಿತು. ಆಮೇಲೆ ಏಟಿನ ಸದ್ದು, ಆಮೇಲೆ ಮಗುವಿನ ಚೀರಾಟ. ರೂಪಶ್ರೀ ಒಳಗೆ ಓಡಿದಳು. ಶರಣ್ಯ ಗೋಡೆಗೆ ಒರಗಿ ಬಿಕ್ಕುತ್ತಿತ್ತು, ಕೆನ್ನೆಯ ಮೇಲೆ ಬೆರಳುಗಳು ಕೆಂಪಗೆ ಮೂಡಿದ್ದವು. ನಂದಿತಾ ಇನ್ನೊಂದು ಏಟಿಗೆ ಕೈ ಎತ್ತಿಕೊಂಡೇ ಕೂತಿದ್ದಳು.

ರೂಪಶ್ರೀಗೆ ಏನಾಯಿತೋ. ಇಷ್ಟು ದಿನದ ಸಿಟ್ಟೆಲ್ಲ ಬಲಗೈಗೆ ಇಳಿದು ಬಂತು. ಮಗಳ ಕೂದಲು ಹಿಡಿದು ಕೈ ಬೀಸಿದಳು.

ನಂದಿತಾ ಓಡಲಿಲ್ಲ. ಮೊಣಕೈ ಎತ್ತಿ, ಕಣ್ಣು ಮುಚ್ಚಿ, ಸರಕ್ಕನೆ ಮುಖ ತಿರುಗಿಸಿದಳು. ಸರಿ ಇದ್ದ ಕಿವಿಯನ್ನು ಆಚೆಗೆ ಮಾಡಿ, ಒಡೆದ ಕಿವಿಯನ್ನು ತಾಯಿಯ ಕೈಗೆ ಒಡ್ಡಿದಳು.

ಕೈ ಗಾಳಿಯಲ್ಲೇ ನಿಂತಿತು. ರೂಪಶ್ರೀ ಅದನ್ನು ಇಳಿಸಿ ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ನೆಲದ ಮೇಲೆ ಕುಸಿದು ಕೂತಳು. ಶರಣ್ಯಳನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡಳು.

"ಯಾಕೆ ಹೊಡ್ದೆ ಮಗ?"

"ಗೊತ್ತಿಲ್ಲಮ್ಮ. ಕೈ ತಾನಾಗೇ ಹೋಯ್ತು."

"ಹೊಡೆದಾಗ ಹೆಂಗನ್ನಿಸ್ತು?"

ನಂದಿತಾ ಶರಣ್ಯಳ ಕೆನ್ನೆ ನೋಡಿದಳು. ಮೊಣಕೈ ಇನ್ನೂ ಅರ್ಧ ಮೇಲೆಯೇ ಇತ್ತು.

"ಚೆನ್ನಾಗನ್ನಿಸ್ತು," ಎಂದಳು. ಹೇಳಿದ ಮೇಲೆ ಅವಳಿಗೇ ಹೆದರಿಕೆಯಾದಂತೆ ತಾಯಿಯನ್ನು ನೋಡಿದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಕಿವಿ ಒಡೆದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಆ ಸಂಜೆ ಅಂಗಡಿಯಿಂದ ಬಂದ ಚನ್ನೇಶ ಮಗಳ ಕೆನ್ನೆ ನೋಡಿ ನಂದಿತಾಳ ಕಡೆ ನುಗ್ಗಿದ. ರೂಪಶ್ರೀ ಅಡ್ಡ ನಿಂತಳು.

"ಮುಟ್ಟಬೇಡ ಕಣೋ. ಅವಳು ತಪ್ಪು ಮಾಡಿದಾಳೆ, ಶರಣ್ಯನ ಮುಂದೆ ಒಪ್ಕೊಂಡಿದಾಳೆ. ನೀನು ಹೊಡೆದ್ರೆ ನಾಳೆ ಅವಳು ಹೊಡೆಯೋಕೆ ಇನ್ಯಾರನ್ನೋ ಹುಡುಕ್ತಾಳೆ."

"ಮತ್ತೆ ಸುಮ್ನೆ ಬಿಡ್ಬೇಕೇನಕ್ಕ? ಭಾವಂಗೂ ಹಿಂಗೇ ಅಂತೀಯೇನು?"

"ಇಲ್ಲ. ನಾಳೆ ತುಮಕೂರಿಗೆ ಹೋಗಿ ಕಂಪ್ಲೇಂಟ್ ಕೊಡ್ತೀನಿ. ನೀನು ಹೆಲ್ಮೆಟ್ಟಲ್ಲಿ ಹೊಡೆದಿದ್ದನ್ನೂ ಕೇಳಿದ್ರೆ ಹೇಳ್ತೀನಿ."

ಗಂಗಾಂಬಿಕೆ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. "ಹುಚ್ಚು ಹಿಡೀತೇನೆ? ಆಮೇಲೆ ಆ ಮನೆ ಬಾಗ್ಲು ತೆಗೀತಾರಾ ನಿಂಗೆ? ಇಲ್ಲಿ ಎಷ್ಟು ದಿನ ಇರ್ತೀಯ?"

"ಗೊತ್ತಿಲ್ಲಮ್ಮ. ಕೆಲ್ಸ ಹುಡುಕ್ತೀನಿ. ಆ ಬಾಗ್ಲು ತೆಗೆದ್ರೂ ಇವ್ಳನ್ನ ಒಳಗೆ ಕಳ್ಸಲ್ಲ."

ರಾತ್ರಿ ಊಟವನ್ನು ಎಲ್ಲರೂ ಬೇರೆ ಬೇರೆ ಮೂಲೆಯಲ್ಲಿ ಕೂತು ಮಾಡಿದರು. ಬೆಳಿಗ್ಗೆ ಯಾರೂ ಕರೆಯದೆ ಚನ್ನೇಶನೇ ಬಂದು ಅವರನ್ನು ತುಮಕೂರಿನ ಬಸ್ಸಿಗೆ ಹತ್ತಿಸಿದ. ಕಿಟಕಿಯ ಕೆಳಗೆ ನಿಂತು ಏನೋ ಹೇಳಬೇಕೆಂದುಕೊಂಡು, "ಫೋನ್ ಮಾಡಕ್ಕ," ಎಂದಷ್ಟೇ ಹೇಳಿದ.

ಠಾಣೆಯಲ್ಲಿ ಹೆಂಗಸೊಬ್ಬರು ಎಸ್ಸೈ. ಮೊದಲು ತಾಯಿಯದ್ದು ಕೇಳಿದರು. ರೂಪಶ್ರೀ ಕ್ರಮವಾಗಿ ಹೇಳಿದಳು: ಸ್ಕೇಲು, ಗೋಡೆಗೆ ಬಡಿದ ತಟ್ಟೆ, ಕಿವಿ, ಬೀರು, ರೂಮಿನ ಚಿಲಕ. ಆಸ್ಪತ್ರೆಯ ಚೀಟಿ ಕೊಟ್ಟಳು. ಎಸ್ಸೈ ಪೆನ್ನು ಇಟ್ಟು, "ಮಗಳನ್ನ ಕೇಳ್ಬೋದಾ? ಹೆದರ್ಕೊಳ್ಳಲ್ಲ ತಾನೆ?" ಎಂದರು. ನಂದಿತಾ ಬಲಗಿವಿ ಅವರ ಕಡೆ ಬರುವ ಹಾಗೆ ಕುರ್ಚಿ ಸರಿಸಿಕೊಂಡಳು.

"ಯಾರಮ್ಮ ಹೊಡೆದಿದ್ದು?"

"ನಮ್ಮಪ್ಪ."

"ಯಾವಾಗಿಂದ?"

"ವೇಲೆನ್ಸಿ ಲೆಸನ್ ಶುರುವಾದಾಗಿಂದ. ಅದಕ್ಕೆ ಮುಂಚೆ ಯಾವಾಗಾದ್ರೂ."

ಎಸ್ಸೈ ಬರೆದುಕೊಂಡರು. ಇನ್ನಷ್ಟು ಕೇಳಿದರು, ಇನ್ನಷ್ಟು ಬರೆದುಕೊಂಡರು. ನಂದಿತಾ ಎಲ್ಲದಕ್ಕೂ ತಡವರಿಸದೆ ಉತ್ತರ ಕೊಟ್ಟಳು. ಕಡೆಗೆ, "ಇನ್ನೇನಾದ್ರೂ ಹೇಳೋದಿದೆಯಾ ಪುಟ್ಟ?" ಎಂದು ಕೇಳಿದರು.

ನಂದಿತಾ ಒಮ್ಮೆ ತಾಯಿಯ ಕಡೆ ನೋಡಿ ಮತ್ತೆ ಮುಂದಕ್ಕೆ ತಿರುಗಿದಳು.

"ನಾನೂ ಒಬ್ಳಿಗೆ ಹೊಡೆದಿದೀನಿ ಮೇಡಂ. ನಮ್ ಮಾವನ ಮಗಳು ಶರಣ್ಯ. ಎರಡನೇ ಕ್ಲಾಸು. ಮೈನಸ್ ಲೆಕ್ಕ ತಪ್ಪು ಮಾಡಿದ್ಲು ಅಂತ ಹೊಡೆದೆ. ಅದನ್ನೂ ಬರ್ಕೊಳ್ಳಿ."

ಎಸ್ಸೈ ಪೆನ್ನು ನಿಲ್ಲಿಸಿ ರೂಪಶ್ರೀಯನ್ನು ನೋಡಿದರು. ಪಕ್ಕದ ಮೇಜಿನ ಪೇದೆಯೂ ತಲೆ ಎತ್ತಿದ. ಬೇಡಮ್ಮ, ಅದೆಲ್ಲ ಇಲ್ಲಿ ಬೇಡ ಎಂದು ತಾಯಿ ಹೇಳಲಿ ಎಂದು ಅವರು ಕಾಯುತ್ತಿದ್ದಂತಿತ್ತು.

ರೂಪಶ್ರೀ ಕುರ್ಚಿಯನ್ನು ಮಗಳ ಪಕ್ಕಕ್ಕೆ ಎಳೆದುಕೊಂಡಳು.

"ಬರ್ಕೊಳ್ಳಿ ಮೇಡಂ," ಎಂದಳು.

ನಂದಿತಾ ಶರಣ್ಯಳ ಹೆಸರನ್ನು ಅಕ್ಷರ ಬಿಡಿಸಿ ಹೇಳಿದಳು.